ಎದೆ ಬಡಿತ ಇಳಿಸುವ ಗಂಡ

ಗಂಡನನ್ನು ಕಂಡರೆ ಹೆಂಡತಿಯ ಎದೆ ಡವಡವ ಎನ್ನಬೇಕು ಎಂದು ನಂಬಿಕೊಂಡಿದ್ದ ಮನುಷ್ಯ ನಾನು. ಬೆಟಗೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು ಹೊಟ್ಟೆ ಬಂದಿದೆ. ಆದರೂ ನಂಬಿಕೆ ಹೋಗಿರಲಿಲ್ಲ. ಅದನ್ನು ಕೆಡಿಸಿದ್ದು ನನ್ನ ಹೆಂಡತಿ ಸುನಂದಾಳ ಆಟ. ಅವಳು ಲಕ್ಕುಂಡಿಯ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಇರುವ ಖೊಖೊ, ಕಬಡ್ಡಿ ಸಾಲದೆ, ಓಡಿ ಬಂದು ರೈಫಲ್ ಹೊಡೆಯುವ ಆಟ ಹಿಡಿದಳು. ಮೈದಾನ ಸುತ್ತಿ, ಏದುಸಿರಿನಲ್ಲೇ ನಿಂತು, ಏರ್ ರೈಫಲ್‌ನಿಂದ ಐದು ಗುರಿ ಬೀಳಿಸಬೇಕು, ಮತ್ತೆ ಓಡಬೇಕು. ಓಟದಲ್ಲಿ ಅವಳು ಜಿಂಕೆ. ಆದರೆ ಎದೆ ಬಡಿದುಕೊಳ್ಳುವಾಗ ಕೈ ಅಲುಗುತ್ತದೆ. ಹೋದ ವರ್ಷ ಐದನೆಯದು ಬೀಳದೆ ರಾಜ್ಯ ತಂಡ ತಪ್ಪಿತು. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ನನಗೆ ಸಂಕಟವಾಯಿತು.

ಆಮೇಲೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಮಾಳಿಗೆ ಮೆಟ್ಟಿಲು ಹತ್ತಿಳಿದು ಧುಸುಧುಸು ಎನ್ನುತ್ತ ಅಡುಗೆಮನೆಗೆ ನುಗ್ಗುವಳು. ಪೊರಕೆಯನ್ನು ರೈಫಲ್‌ನಂತೆ ಹೆಗಲಿಗೇರಿಸಿ ಜೀರಿಗೆ, ಸಾಸಿವೆ ಡಬ್ಬಿಗಳಿಗೆ ಗುರಿ ಇಡುವಳು. "ಚಹಾ ಆತೇನು?" ಎಂದರೆ, "ಸುಮ್ಮನಿರ್ರಿ, ಉಸಿರು ಹಿಡದೇನಿ!"

ಈ ವರ್ಷದ ಆಯ್ಕೆ ಗದಗದಲ್ಲೇ ನಡೆಯಿತು. ಮೂವರಿಗೆ ಮಾತ್ರ ಜಾಗ. ಕೊನೆಯ ಸರದಿಯಲ್ಲಿ ನಾಲ್ಕು ಬಿದ್ದವು, ಐದನೆಯದು ನಿಂತೇ ಇತ್ತು. ಇಬ್ಬರು ಆಗಲೇ ಐದೂ ಬೀಳಿಸಿ ಓಡಿದ್ದರು. ಪಕ್ಕದವಳದೂ ಒಂದೇ ಉಳಿದಿತ್ತು. ನನಗೆ ತಡೆಯಲಾಗಲಿಲ್ಲ. ನಮ್ಮ ಕಡೆ ಯಾರಾದರೂ ಓಡಿ ಬರುವುದು ಕಂಡರೆ ತಗಡು ಬಡಿದು ಬಸ್ಸು ನಿಲ್ಲಿಸುವುದು ರೂಢಿ. ಅದೇ ಚಾಳಿಯಲ್ಲಿ ಮುಂದಿದ್ದ ತಗಡಿನ ಬೋರ್ಡನ್ನು ದಬದಬ ಬಡಿದು, "ಏ, ತಡೀರ್ರಿ! ನಮ್ಮ ಮನಿಯವ್ರು ಬರೋರದಾರ!" ಎಂದು ಕೂಗಿಬಿಟ್ಟೆ.

ಮೈದಾನವೆಲ್ಲ ಗೊಳ್ಳೆಂದಿತು. ಸೀಟಿ ಹಿಡಿದ ತೀರ್ಪುಗಾರರು, "ಯಜಮಾನ್ರ, ಇದು ಮುಂಡರಗಿ ಬಸ್ ಅಲ್ರಿ, ಕುಂಡ್ರಿ" ಎಂದರು. ಸುನಂದಾ ಒಮ್ಮೆ ನನ್ನ ಕಡೆ ತಿರುಗಿದಳು. ಮತ್ತೆ ರೈಫಲ್ ಎತ್ತಿದಳು. ಟಪ್! ಐದನೆಯದು ಬಿತ್ತು. ಪಕ್ಕದವಳಿಗಿಂತ ಮೊದಲು ಓಡಿ ಮೂರನೆಯವಳಾಗಿ ಗೆರೆ ಮುಟ್ಟಿದಳು. ನಾನು ಗುರುತಿಲ್ಲದ ಯಾರನ್ನೋ ತಬ್ಬಿಕೊಂಡು ಅತ್ತೆ.

ಮನೆಗೆ ಬರುವಾಗ ಬೈಕಿನ ಮೇಲೆ ಎದೆಯುಬ್ಬಿಸಿ ಕೇಳಿದೆ: "ನಾ ಕೂಗಿದ್ದು ಉಪಯೋಗಕ್ಕ ಬಂತಲ್ಲ?"

"ಖರೇನ ಬಂತ್ರಿ," ಎಂದಳು ಹಿಂದಿನಿಂದ, ಹೆಗಲ ಮೇಲೆ ಕೈಯಿಟ್ಟು. "ತಿರುಗಿ ನೋಡಿದ್ನಲ್ಲ, ನಿಮ್ಮ ಮಾರಿ ಕಾಣ್ತು. ಕಂಡ ಕೂಡ್ಲೇ ಎದಿ ಬಡಿತ ಪೂರಾ ಇಳದ್ಬಿಡ್ತು."

ಇದು ಪ್ರೀತಿಯೋ ಮತ್ತೇನೋ, ಕೇಳುವ ಧೈರ್ಯವಾಗಲಿಲ್ಲ. ರಾಜ್ಯಮಟ್ಟದ ಪಂದ್ಯಕ್ಕೂ ಎದುರಿಗೇ ಬಂದು ನಿಲ್ಲಬೇಕೆಂದು ಅಪ್ಪಣೆಯಾಗಿದೆ. ಹುರುಪಿನಲ್ಲಿ, "ಅವತ್ತಿಗೆ ಒಂದು ಛಲೋ ಅಂಗಿ ಹೊಲಿಸ್ಲೇನು?" ಎಂದೆ.

"ಬ್ಯಾಡ್ರಿ," ಎಂದಳು ಗಾಬರಿಯಾಗಿ, "ಇದ್ದಂಗ ಬರ್ರಿ."