ಮೀನು ಕೊಟ್ಟು ಬಚ್ಚಲು ತಂದ ಅತ್ತೆ

ನನ್ನ ಅತ್ತೆ ಅಂಕೋಲೆಯ ಅರ್ಧ ಪೇಟೆಯನ್ನೇ ತನ್ನ ಬಚ್ಚಲುಮನೆಯ ಗೋಡೆಗೆ ಅಂಟಿಸಿ ಇಟ್ಟಿದ್ದಾಳೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ನಗುವ ಮೊದಲು ಒಂದು ಎಚ್ಚರಿಕೆ: ನಿಮ್ಮ ಮನೆಯಲ್ಲಿ ಎಲ್ಲಾದರೂ ಒಂದು ಟೈಲ್ಸು ಮಿಕ್ಕಿದ್ದರೆ ಮೊದಲು ಅದನ್ನು ಮಂಚದ ಕೆಳಗೆ ದೂಡಿಬಿಡಿ. ಅತ್ತೆಯ ಕಣ್ಣಿಗೆ ಬಿತ್ತೋ, ಅದು ನಿಮ್ಮದಲ್ಲ!

ಅತ್ತೆ ಎಂದರೆ ಅಪ್ಪನ ಅಕ್ಕ. ಭಾವಿಕೇರಿಯಲ್ಲಿ ಮನೆ. ಬುಟ್ಟಿ ತಲೆಯ ಮೇಲಿಟ್ಟು ಅಂಕೋಲೆಯ ಓಣಿ ಓಣಿ ತಿರುಗಿ ಮೀನು ಮಾರುವುದು ಕಸುಬು. ಯಾರಿಗೆ ಬಂಗಡೆ ಇಷ್ಟ, ಯಾರಿಗೆ ಶೆಟ್ಲಿ ತಿಂದರೆ ಮೈ ತುರಿಸುತ್ತದೆ, ಯಾವ ಯಜಮಾನರ ಸೋಮವಾರದ ವ್ರತ ಮೀನಿನ ಕೂಗು ಕೇಳಿದೊಡನೆ ಸಡಿಲವಾಗುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಮಾವ ಟ್ರಾಲರ್ ಬೋಟಿನ ತಾಂಡೇಲರಾಗಿದ್ದವರು. ಚುಕ್ಕಾಣಿ ಹಿಡಿದು ನಿಂತರೆ ಅವರ ಒಂದು ಗದರಿಕೆಗೆ ಹತ್ತು ಜನ ಬಲೆ ಎಳೆಯುತ್ತಿದ್ದರು. ಅವರಿಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಸೋತವು. ಕೋಲು ಹಿಡಿದು ಅಂಗಳದವರೆಗೆ ನಡೆಯುವಷ್ಟು ಚೇತರಿಸಿಕೊಂಡರು, ಅಷ್ಟೇ.

ಹಿತ್ತಿಲಲ್ಲಿ ಚಿರೆಕಲ್ಲಿನ ಬಚ್ಚಲುಮನೆಯೊಂದು ಇತ್ತು. ಇತ್ತು ಎಂದರೆ ನಾಲ್ಕು ಗೋಡೆ ಇದ್ದವು. ನೆಲ ಪಾಚಿಯದು, ಬಾಗಿಲು ಗೆದ್ದಲಿನದು, ಮಾಡು ಕಾಗೆಗಳದು. ಅದರೊಳಗೆ ಮಾವ ಒಮ್ಮೆ ಜಾರಿ ಬಿದ್ದ ಮೇಲೆ ಸ್ನಾನ ಬಾವಿಕಟ್ಟೆಗೆ ಬಂತು. ಕಲ್ಲಿನ ಮೇಲೆ ಮಾವನನ್ನು ಕೂರಿಸಿ ಅತ್ತೆಯೇ ಮೈ ತೊಳೆಯುತ್ತಿದ್ದಳು. ಬಾವಿಯ ಪಕ್ಕದಲ್ಲೇ ಕಾಲುದಾರಿ. ಹೋಗುವವರೆಲ್ಲ ಪಾಪ, ಮರ್ಯಾದೆಯವರು, ಮಾತಾಡಿಸದೆ ಹೋದಾರೆಯೇ? "ಏನ್ರಾ ತಾಂಡೇಲ್ರೇ, ಮೀಯೂದು ನಡೀತಾ?" ಮಾವ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸೋಪಿನ ಉರಿಗೆ ಅಂತ ನಾವು ಅಂದುಕೊಂಡಿದ್ದೆವು.

ಒಂದು ದಿನ ಅತ್ತೆ ಕಾರವಾರದಲ್ಲಿದ್ದ ನನಗೆ ಕಾಯಿನ್ ಬಾಕ್ಸಿನಿಂದ ಫೋನು ಮಾಡಿದಳು. ಅವಳು ಫೋನಿನಲ್ಲಿ ಮಾತಾಡಿದರೆ ಫೋನೇ ಬೇಕಾಗಿರಲಿಲ್ಲ ಅನ್ನಿಸುತ್ತದೆ, ಅಷ್ಟು ಗಂಟಲು!

"ತಮಾ, ಬಚ್ಚಲ ರಿಪೇರಿ ಮಾಡ್ಸ್ತೆ. ಟೈಲ್ಸ್ ಹಾಕ್ಸ್ತೆ. ಕಮೋಡೂ ಇಡ್ತೆ."

"ದುಡ್ಡು ಎಲ್ಲಿದೆ ಅತ್ತೆ?"

"ದುಡ್ಡ್ ಯಾರ್ ಕೇಳ್ರು? ನನ್ ಹತ್ರ ಮೀನಿಲ್ವನಾ?"

ಆಗ ಅಂಕೋಲೆಯಲ್ಲಿ ಓಣಿಗೊಂದು ಹೊಸ ಮನೆ ಏಳುತ್ತಿತ್ತು. ಹೊಸ ಮನೆ ಎಂದರೆ ಟೈಲ್ಸು, ಟೈಲ್ಸು ಎಂದರೆ ಮಿಕ್ಕಿದ ನಾಲ್ಕು ತುಂಡು. ಅತ್ತೆ ಬುಟ್ಟಿ ಇಳಿಸುವಾಗಲೇ ಕೇಳುತ್ತಿದ್ದಳು: "ಬಾಯೋರೇ, ಟೈಲ್ಸ್ ಉಳದದ್ಯಾ? ಎರಡ್ ತಾರ್ಲೆ ಹೆಚ್ಚ್ ಹಾಕ್ತೆ." ಹೀಗೆ ವಕೀಲರ ಮನೆಯ ನೀಲಿ ಬಂತು, ಟೀಚರ ಮನೆಯ ಗುಲಾಬಿ ಬಂತು, ಡಾಕ್ಟರ ಅಡಿಗೆಮನೆಯಿಂದ ದ್ರಾಕ್ಷಿ ಗೊಂಚಲಿನ ಚಿತ್ರದ್ದು ಬಂತು. ಹೋಗುವಾಗ ಮೀನಿನ ಬುಟ್ಟಿ, ಬರುವಾಗ ಟೈಲ್ಸಿನ ಬುಟ್ಟಿ. ಭಾರ ಮಾತ್ರ ಯಾವಾಗಲೂ ಒಂದೇ!

ಒಬ್ಬ ಪುಣ್ಯಾತ್ಮರು ದೇವರ ಚಿತ್ರದ ಟೈಲ್ಸು ಕೊಟ್ಟರು. ಕಂಪೌಂಡಿನ ಬುಡದಲ್ಲಿ ಯಾರೂ ನಿಲ್ಲಬಾರದೆಂದು ಗೋಡೆಗೆ ಹಚ್ಚುತ್ತಾರಲ್ಲ, ಆ ಜಾತಿಯದು. ಅತ್ತೆ ಅದನ್ನು ಎತ್ತಿ ಹಿಡಿದು ದೇವರ ಮುಖವನ್ನೇ ನೋಡಿ, "ನಿನ್ನ ನಾ ಬಚ್ಚಲದಾಗೆ ಇಟ್ರೆ ನಮ್ಮೋರು ಮೀಯೂದೆಲ್ಲಿ?" ಎಂದು ಕೇಳಿ, ತುಳಸಿಕಟ್ಟೆಗೆ ಕೂರಿಸಿದಳು. ಅಂಕೋಲೆಯ ಗೋಡೆ ಕಾಯಬೇಕಾಗಿದ್ದ ದೇವರಿಗೆ ಭಾವಿಕೇರಿಯಲ್ಲಿ ದಿನವೂ ದಾಸವಾಳ!

ಕಮೋಡು ಸಿಕ್ಕಿದ್ದು ಕಾರವಾರದಲ್ಲಿ. ನನ್ನ ಮನೆಯ ಮಾಲೀಕರು ಹೊಸದು ಹಾಕಿಸಿ ಹಳೆಯದನ್ನು ಹಿತ್ತಿಲಲ್ಲಿ ಇಟ್ಟಿದ್ದರು. ಬಾಯಿ ತಪ್ಪಿ ಅತ್ತೆಗೆ ಹೇಳಿಬಿಟ್ಟೆ. ಮರುದಿನವೇ ಒಂದು ಇಸೋಣ ಮೀನು ಹಿಡಿದು ಹಾಜರಾದಳು. ಮೀನು ಮಾಲೀಕರಿಗೆ, ಕಮೋಡು ಅವಳಿಗೆ. ಟೆಂಪೋ ಮಾಡೋಣವೆಂದರೆ, "ಬಸ್ಸ್ ಸತ್ತೋಗದ್ಯಾ?" ಎಂದಳು.

ಹೀಗೆ ನಾನು ಜೀವಮಾನದಲ್ಲಿ ಮರೆಯಲಾರದ ಬಸ್ ಪ್ರಯಾಣ ಶುರುವಾಯಿತು. ಅತ್ತೆ ಕಮೋಡಿಗೆ ಬುಡದವರೆಗೆ ಗೋಣಿ ಸುತ್ತಿ, ಮುಚ್ಚಳ ಭದ್ರಪಡಿಸಿ, ಸೀಟುಗಳ ನಡುವೆ ನಿಲ್ಲಿಸಿದಳು. ನಾನು ನಾಲ್ಕು ಸೀಟು ಹಿಂದೆ ಕೂತು ಪೇಪರು ಮುಖಕ್ಕೆ ಹಿಡಿದೆ. ಕಂಡಕ್ಟರು ಬಂದರು.

"ಅಮಾ, ಇದೆಂತದು? ಇದ್ಕೂ ಟಿಕೀಟ್ ತೆಗೀಬೇಕು."

"ಎಂತಕ್ಕೆ? ಅದು ಸೀಟ್ ಮೇಲೆ ಕೂತದ್ಯಾ? ಅದ್ರ ಮೇಲೇ ಜನ ಕೂರೂದು ಮಾರಾಯಾ!"

ಬಸ್ಸು ಗೊಳ್ಳೆಂದಿತು. ಬಿಣಗಾದಲ್ಲಿ ಹತ್ತಿದ ಮುದುಕರೊಬ್ಬರು ಸೀಟು ಕಾಣದೆ ಕಂಬ ಹಿಡಿದು ತೂಗಾಡುತ್ತಿದ್ದರು. ಅತ್ತೆ ಗೋಣಿಯ ಮೇಲೆ ತನ್ನ ಟವೆಲು ಹಾಸಿ, "ಕೂತ್ಕಣಿ ಅಜ್ಜಾ, ಹೊಸದೇ ಅದೆ" ಎಂದಳು. ಹೊಸದಂತೆ! ಅಜ್ಜ ಕೂತರು. ಅಮದಳ್ಳಿ ಹೋಯಿತು, ತೋಡೂರು ಹೋಯಿತು, ಅಜ್ಜ ಕದಲಲಿಲ್ಲ. ಇಳಿಯುವಾಗ, "ಈ ರಸ್ತೆಮೇಲೆ ನಾ ಇಷ್ಟ್ ಆರಾಮದಾಗೆ ಬಂದದ್ದೇ ಇಲ್ಲ. ಎಂತ ಸ್ಟೂಲ್ ಇದು?" ಎಂದರು. ಅತ್ತೆ ಉತ್ತರಿಸುವ ಮೊದಲು ಕಂಡಕ್ಟರು ಸೀಟಿ ಊದಿ ನಮ್ಮೆಲ್ಲರ ಮಾನ ಉಳಿಸಿದರು. ನನ್ನ ಮಾನವೊಂದು ಉಳಿಯಲಿಲ್ಲ. ನಮ್ಮ ಸ್ಟಾಪು ಬಂದಾಗ ಅತ್ತೆ ಬಸ್ಸಿನ ತುಂಬ ಕೇಳುವಂತೆ, "ಯೇ ತಮಾ, ಆ ಪೇಪರ್ ಮಡಚು, ಒಂದ್ ಬದಿ ಹಿಡಿ! ನಿಂಗೂ ಒಂದಿನ ಬೇಕಾಗ್ತದೆ!" ಎಂದಳು.

ಗೌಂಡಿ ತೋಡೂರಿನವನು. ದೊಡ್ಡ ದೊಡ್ಡ ಸಾಹೇಬರ ಬಂಗಲೆಗಳಿಗೆ ಟೈಲ್ಸು ಕೂರಿಸಿದವನೆಂದು ಅವನೇ ಹೇಳಿಕೊಂಡ. ಅತ್ತೆಯ ರಾಶಿಯನ್ನು ನೋಡಿ ಅವನು ತಲೆಯ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಬಾಯಿ, ಒಂದು ದಪ್ಪ, ಒಂದು ತೆಳು. ಒಂದು ಗಿಡ್ಡ, ಒಂದು ಉದ್ದ. ಸಾಲ್ ಕೂಡೂದಿಲ್ಲ."

"ಊರ್ನಾಗೆ ಎಲ್ರೂ ಒಂದೇ ಉದ್ದ ಇದ್ರಾ? ಒಟ್ಟಿಗೆ ಬದುಕೂದಿಲ್ವಾ? ಕೂರ್ಸು!"

ಗೋಡೆಗೆ ಒಪ್ಪಿದ. ನೆಲಕ್ಕೆ ಮಾತ್ರ ಫಳಫಳ ಹೊಳೆಯುವ ಬಿಳಿ ಟೈಲ್ಸೇ ಚಂದ ಎಂದು ಹಟ ಹಿಡಿದ. ಅತ್ತೆ ವಾದ ಮಾಡಲಿಲ್ಲ. ಅಂಗಳದಲ್ಲಿ ಆರು ಬಿಳಿ ಟೈಲ್ಸು ಸಾಲಾಗಿ ಇಟ್ಟು, ಸೋಪಿನ ನೀರು ಹೊಯ್ದು, "ಇದ್ರ ಮೇಲೆ ನಡೆ" ಎಂದಳು. ಗೌಂಡಿ ಪೌರುಷದಿಂದ ಹೆಜ್ಜೆ ಇಟ್ಟ. ಮೊದಲನೆಯದು ದಾಟಿದ. ಎರಡನೆಯದರ ಮೇಲೆ ಅವನ ಎರಡೂ ಕಾಲು ಆಕಾಶ ನೋಡಿದವು! ಅತ್ತೆ ಕೈ ಕೊಟ್ಟು ಎಬ್ಬಿಸಿ, ಸೊಂಟಕ್ಕೆ ಎಣ್ಣೆ ತಿಕ್ಕಲು ಬಟ್ಟಲು ಕೊಟ್ಟು, ಶಾಂತವಾಗಿ ಹೇಳಿದಳು: "ಇದು ಬೇಡ." ನೆಲಕ್ಕೆ ಒರಟು ಕಲ್ಲಿನ ಚಪ್ಪಡಿ ಬಂತು.

ಇಷ್ಟೆಲ್ಲ ನಡೆಯುವಾಗ ಮಾವ ಜಗಲಿಯ ಕುರ್ಚಿಯಲ್ಲಿ ಕೂತು ಬಾವಿಯ ಕಡೆ ನೋಡುತ್ತಿದ್ದರು. ಯಾರಾದರೂ ಕೇಳಿದರೆ, "ನಂಗೆ ಎಂತಕ್ಕೆ ಅರಮನೆ" ಎಂದು ಗೊಣಗುತ್ತಿದ್ದರು. ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು ಕೂರಿಸುವ ದಿನ ಮಾತ್ರ ಗೌಂಡಿ ಎದೆಯೆತ್ತರಕ್ಕೆ ಗುರುತು ಹಾಕುವುದನ್ನು ಕಂಡು ಕೋಲೂರಿಕೊಂಡು ತಾವಾಗಿಯೇ ಎದ್ದು ಬಂದರು.

"ಕೆಳಗೆ... ಕೆಳಗೆ! ತೆರೆ ಬಂದಾಗ ಅಲ್ಲಿ ಹಿಡಿದ್ರೆ ಬೀಳ್ತೆ."

"ಇಲ್ಲಿ ತೆರೆ ಎಲ್ಲಿಂದ ಬರ್ತದೆ ತಾಂಡೇಲ್ರೇ?"

"ನನ್ನ ಎಡಗಾಲ್ನಾಗೆ ಬರ್ತದೆ!"

ಎಷ್ಟೋ ಕಾಲದ ನಂತರ ಅವರ ಗದರಿಕೆ ಕೇಳಿ ಗೌಂಡಿ ಬೆಚ್ಚಿ ಗುರುತು ಕೆಳಗಿಳಿಸಿದ. ಮಾವ ಅಷ್ಟಕ್ಕೇ ಬಿಡಲಿಲ್ಲ. ಒದ್ದೆ ಕೈ ಜಾರುತ್ತದೆಂದು ಬಲೆಯ ಹಗ್ಗ ತರಿಸಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಒಂದೇ ಕೈಯಲ್ಲಿ ಪೈಪಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಗೌಂಡಿ ಕೆಲಸ ಬಿಟ್ಟು ನೋಡುತ್ತ ನಿಂತ. ಅತ್ತೆ ಅವನಿಗೆ, "ನೋಡ್ಕ. ನಿನ್ ಸಾಹೇಬ್ರಿಗೆ ಇದು ಬತ್ತದ್ಯಾ?" ಎಂದಳು.

ಬಚ್ಚಲು ಮುಗಿದದ್ದೇ ಟೈಲ್ಸು ಕೊಟ್ಟವರೆಲ್ಲ ತಮ್ಮ ತಮ್ಮ ಟೈಲ್ಸು ನೋಡಲು ಬಂದರು. ಬಚ್ಚಲು ನೋಡಲು ಜನ ಬರುವುದನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಟೀಚರಿಗೆ ತಮ್ಮ ಗುಲಾಬಿ ಕಮೋಡಿನ ಹಿಂದೆ ಹೋದದ್ದಕ್ಕೆ ಸ್ವಲ್ಪ ಬೇಜಾರಾಯಿತು. ಅತ್ತೆ ಸಮಾಧಾನ ಹೇಳಿದಳು: "ಬಾಯೋರೇ, ಉಳದೋರದ್ದೆಲ್ಲ ಬರೀ ನೋಡೂಕೆ. ನಮ್ಮೋರ ಬೆನ್ನಿಗೆ ಆನ್ಕೆ ಆಗೂದು ನಿಮ್ದೊಂದೇ!" ಟೀಚರು ಬೀಗುತ್ತ ಹೋದರು.

ಒಂದೇ ವಿಷಯಕ್ಕೆ ನನಗೂ ಅತ್ತೆಗೂ ಜಗಳವಾಯಿತು. ಅವಳು ಬಾಗಿಲಿಗೆ ಒಳಗಡೆಯಿಂದ ಚಿಲಕ ಹಾಕಿಸಿದ್ದಳು.

"ಒಳಗೆ ಬಿದ್ದರೆ ಬಾಗಿಲು ತೆಗೆಯುವವರು ಯಾರು? ಕಾಯಿಲೆಯವರಿಗೆ ಚಿಲಕ ಕೊಡುವುದುಂಟೇ?" ಎಂದೆ.

ಅತ್ತೆ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು. ಅವಳು ಪಿಸುಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅಂದು.

"ಅದ್ಕೆ ಗಿಡ್ಡ ಸ್ಕ್ರೂ ಒಂದೇ ಹಾಕ್ಸಿದೆ. ಹೊರಗಿಂದ ಒಂದ್ ಸಲ ದೂಡಿದ್ರೆ ಕಿತ್ತ್ ಬರ್ತದೆ. ಅವ್ರಿಗೆ ಹೇಳ್ಬೇಡ. ಎರಡ್ ವರ್ಷ ಆಯ್ತು ತಮಾ, ಅವ್ರು ಒಂದ್ ಬಾಗ್ಲು ಹಾಕ್ಕಂಡು."



ಆ ಭಾನುವಾರ ಬೆಳಿಗ್ಗೆ ಹಂಡೆಯ ಬಿಸಿನೀರು ತೋಡಿಟ್ಟು, ಪ್ಲಾಸ್ಟಿಕ್ ಸ್ಟೂಲು ಸರಿ ಮಾಡಿ ಅತ್ತೆ ಹೊರಗೆ ಬಂದಳು. ಮಾವ ಒಳಗೆ ಹೋದರು. ಆಮೇಲೆ ಚಿಲಕ ಬಿದ್ದ ಸದ್ದು.

ಅತ್ತೆ ಮೆಟ್ಟಿಲ ಮೇಲೆ ಕೂತಳು. ಒಳಗೆ ಒಂದು ತಂಬಿಗೆ ನೀರು ಬಿತ್ತು. ಎರಡನೆಯದು. ಮೂರನೆಯದು. ಆಮೇಲೆ ನಿಂತುಹೋಯಿತು. ಬಹಳ ಹೊತ್ತು ಸದ್ದೇ ಇಲ್ಲ. ನಾನು ಬಾಗಿಲಿನ ಕಡೆ ಎದ್ದೆ. ಅತ್ತೆ ನನ್ನ ಮಣಿಕಟ್ಟು ಹಿಡಿದಳು. ಮೀನು ಕೊಯ್ದು ಕೊಯ್ದು ಕಲ್ಲಿನಂತಾದ ಆ ಹಿಡಿತ ಬಿಡಲಿಲ್ಲ. "ಸೋಪ್ ಹಚ್ಚೂದಿರ್ಬೇಕು. ಒಂದೇ ಕೈ, ಹೊತ್ತ್ ಹಿಡಿತದೆ" ಎಂದಳು.

ಮತ್ತೆ ನೀರಿನ ಸದ್ದು. ಧಾರಾಳವಾದ, ದುಂದಿನ, ಹಂಡೆಯನ್ನೇ ಬರಿದು ಮಾಡುವ ಸದ್ದು. ಅದರ ನಡುವೆ ಮಾವನ ಗದರಿಕೆ:

"ಟವೆಲ್ ತಾರೇ! ಒಳಗ್ ಬರ್ಬೇಡ ಮತ್ತೆ. ಅಲ್ಲೇ ಕೊಡು."

ಚಿಲಕ ಸರಿಯಿತು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು. ಒದ್ದೆ ಕೈಯೊಂದು ಹೊರಗೆ ಬಂದು ಗಾಳಿಯಲ್ಲಿ ತಡಕಾಡಿತು. ಎರಡು ವರ್ಷ ಅದೇ ಮೈಯನ್ನು ದಿನವೂ ತೊಳೆದ ಅತ್ತೆ ಆ ಕೈಗೆ ಟವೆಲು ಕೊಟ್ಟು, ಒಳಗೆ ಕಣ್ಣು ಹೋಗದಂತೆ ಮುಖವನ್ನು ಆಚೆ ತಿರುಗಿಸಿ ನಿಂತಳು.