ಆರು ಗಂಟೆಯ ಬಸ್ಸು ಮತ್ತು ಕಿಚ್ಚು ಹಾಯುವ ದನ

ವೇಳಾಪಟ್ಟಿಯಿಲ್ಲದೆ ಹೊಸಿಲು ದಾಟುವುದೆಂದರೆ ನನಗೆ ಅಂಗಿಯ ಗುಂಡಿ ಹಾಕದೆ ಬೀದಿಗಿಳಿದ ಹಾಗೆ. ಮೂವತ್ತೈದು ವರ್ಷ ಶಾಲೆಯ ಗಂಟೆಗೆ ಓಡಿದ ಮೇಷ್ಟ್ರು ನಾನು. ಬೆಂಗಳೂರಿನ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಏಳೂವರೆಗೆ ಇಡ್ಲಿ ತಟ್ಟೆಗೆ ಬೀಳದಿದ್ದರೆ ನನಗೆ ಹಸಿವಾಗುವುದಿಲ್ಲ, ಸಿಟ್ಟು ಬರುತ್ತದೆ.

ಹೆಂಡತಿ ಸರೋಜಾ ಶ್ರೀರಂಗಪಟ್ಟಣದವಳು. ಸಂಕ್ರಾಂತಿಯ ಸಂಜೆ ಅಲ್ಲಿ ಬೀದಿಗೆ ಅಡ್ಡಲಾಗಿ ಹುಲ್ಲಿಗೆ ಬೆಂಕಿಯಿಟ್ಟು, ಸಿಂಗರಿಸಿದ ದನಗಳನ್ನು ಅದರ ಮೇಲೆ ಹಾರಿಸುತ್ತಾರೆ. "ಒಂದ್ಸಲ ನಿಮ್ ಜೊತೆ ನಿಂತು ನೋಡ್ಬೇಕು ರೀ" ಎಂದು ಮದುವೆಯಾದಾಗಿನಿಂದ ಕೇಳುತ್ತಿದ್ದಳು. ನಿವೃತ್ತನಾದ ಮೇಲೆ ನೆವ ಉಳಿಯಲಿಲ್ಲ, ಒಪ್ಪಿದೆ. ಕೋಟೆಗೆ ಒಂದು ಗಂಟೆ, ದೇವಸ್ಥಾನಕ್ಕೆ ನಲವತ್ತು ನಿಮಿಷ, ಐದೂವರೆಗೆ ಕಿಚ್ಚು, ಆರಕ್ಕೆ ಬೆಂಗಳೂರಿನ ಖಾಸಗಿ ಬಸ್ಸು ಎಂದು ಚೀಟಿಯಲ್ಲಿ ಬರೆದುಕೊಂಡೆ.

ಊರಿಗೆ ಕಾಲಿಟ್ಟದ್ದೇ ತಡ, "ಅಯ್ಯೋ, ನಮ್ ಸರೋಜಿ! ಒಳಗ್ ಬಾರೇ!" ಎಂಬ ಕೂಗು. ನಾಲ್ಕು ಮನೆಗಳ ಎಳ್ಳು-ಬೆಲ್ಲದಲ್ಲಿ ನನ್ನ ಕೋಟೆ ಕರಗಿಹೋಯಿತು. ದೇವರಿಗೆ ಹೊರಗಿನಿಂದಲೇ, ಕಬ್ಬು ಹಿಡಿದ ಕೈಯಲ್ಲೇ ನಮಸ್ಕಾರ. ಐದೂವರೆಗೆ ಬೀದಿಯಲ್ಲಿ ಹುಲ್ಲಿತ್ತು, ದನವಿರಲಿಲ್ಲ.

"ಎಷ್ಟು ಗಂಟೆಗೆ ಶುರು?" ಎಂದು ಹುಲ್ಲು ಹರಡುತ್ತಿದ್ದವನನ್ನು ಕೇಳಿದೆ.

"ದನ ಬಂದ್ಮೇಲೆ ಸಾ."

"ಅದು ಯಾವಾಗ ಬರುತ್ತೆ?"

"ಮೈ ತೊಳ್ದು, ಕೊಂಬಿಗೆ ಬಣ್ಣ ಹಚ್ಚಿ, ಅದ್ಕೆ ಮನ್ಸು ಬಂದ್ಮೇಲೆ. ಅದ್ರ ಕಾಲಿಗೇನ್ ವಾಚ್ ಕಟ್ಟಿದ್ದೀವಾ?"

ಸುತ್ತಲಿದ್ದವರೆಲ್ಲ ನಕ್ಕರು. ಸರೋಜಾ ಕೂಡ. ಐದೂ ಮುಕ್ಕಾಲಿಗೆ ನಾನು, "ನಡಿ, ಬಸ್ಸು ಹೋಗುತ್ತೆ" ಎಂದೆ.

"ನೀವು ಹೋಗಿ ಸೀಟ್ ಹಿಡೀರಿ. ನಾನ್ ನೋಡ್ಕೊಂಡೇ ಬರೋದು." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾದ ಮಾಡಬಹುದಿತ್ತು.

ಬಸ್ಸು ಹತ್ತಿ ಇಬ್ಬರ ಸೀಟು ಹಿಡಿದೆ. ಆರಾಯಿತು, ಆರೂ ಕಾಲಾಯಿತು. ಬಸ್ಸಿನಲ್ಲಿ ನಾನೊಬ್ಬನೇ. ಕೆಳಗೆ ಕಡಲೆಕಾಯಿ ಮಾರುತ್ತಿದ್ದ ಮುದುಕಿಯನ್ನು, "ಡ್ರೈವರ್ ಎಲ್ಲಮ್ಮಾ?" ಎಂದು ಕೇಳಿದೆ.

"ಕಿಚ್ ನೋಡಕ್ ಹೋಗವ್ನೆ. ಊರೆಲ್ಲಾ ಅಲ್ಲೇ ಐತೆ. ನೀವ್ಯಾಕ್ ಸಾಮಿ ಇಲ್ ಕುಂತಿದ್ದೀರಿ?"

ಓಡಿದ್ದರೆ ಐದು ನಿಮಿಷದ ದಾರಿ. ಆದರೆ ಸೀಟು ಹೋದರೆ? ಕಸಿದುಕೊಳ್ಳಲು ಒಬ್ಬ ನರಪ್ರಾಣಿಯೂ ಅಲ್ಲಿಲ್ಲವೆಂಬುದು ನನಗೆ ಹೊಳೆಯಲೇ ಇಲ್ಲ. ಮನೆಗಳ ಸಾಲಿನಾಚೆ ಹೊಗೆ ಎದ್ದಿತು. ಹೋ ಎಂಬ ಕೂಗು ಕೇಳಿಸಿತು. ಕಿಟಕಿಯಿಂದ ಕತ್ತು ಚಾಚಿದೆ. ಕಂಡದ್ದು ಒಂದು ಬೇವಿನ ಮರ.

ಏಳಕ್ಕೆ ಡ್ರೈವರ್, ಕಂಡಕ್ಟರ್, ಪ್ರಯಾಣಿಕರು ಎಲ್ಲ ಒಟ್ಟಿಗೆ ಬಂದರು, ನಡುವೆ ಹೊಗೆ ಮೆತ್ತಿದ ಸರೋಜಾ. "ಸಾರ್, ನೀವೊಬ್ರೇ ನೋಡ್ಲಿಲ್ವಾ?" ಎಂದು ಡ್ರೈವರ್ ಮರುಗಿದ. "ಒಂದ್ ಮಾತ್ ಹೇಳಿದ್ರೆ ನಾನೇ ಕರ್ಕೊಂಡ್ ಹೋಗ್ತಿದ್ದೆ!"

ಬಸ್ಸು ಹೊರಟಿತು. ಬಿಳಿ ಹೋರಿ ಹಾರಿದ ಕತೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ, ಸರೋಜಾ ಹಿಂದಿನ ಸೀಟಿನ ಹೆಂಗಸರ ನಡುವೆ ಕೂತುಬಿಟ್ಟಳು. ನಾನು ಬೆಂಗಳೂರಿನ ದೀಪಾಂಜಲಿ ನಗರದವರೆಗೂ ಇಬ್ಬರ ಜಾಗದಲ್ಲಿ ಒಬ್ಬನೇ ಬಂದೆ. ಇಡೀ ಬಸ್ಸಿನಲ್ಲಿ ಅಷ್ಟು ಆರಾಮಾಗಿ ಇನ್ಯಾರೂ ಕೂತಿರಲಿಲ್ಲ.