ಮೋಡ ಓಡಿಸುವ ಫೋನು

ಮುತ್ತುರಾಜ ಕಲ್ಲಿದ್ದಲು ಉರಿಸಿ ಕರೆಂಟ್ ಮಾಡುವ ಕಾರ್ಖಾನೆಯ ನೌಕರ. ರಜೆಗೆಂದು ಪರಶುರಾಂಪುರಕ್ಕೆ ಬಂದ ಮರುದಿನವೇ ಅವನ ಸಾಹೇಬರು ವಿಶ್ವನಾಥ್ ಫೋನ್ ಮಾಡಿದರು. ಬಿಸಿಲಿದ್ದಾಗ ಸೋಲಾರ್ ಕರೆಂಟ್ ಬರುತ್ತದೆ, ಬಾಯ್ಲರಿನ ಉರಿ ತಗ್ಗಿಸಬೇಕು. ಮೋಡ ಕವಿದರೆ ಏರಿಸಬೇಕು. ಮೋಡದ ಸುದ್ದಿ ಮೊದಲೇ ಹೇಳುವ ಯಂತ್ರ ಇನ್ನೂ ಟೆಂಡರಿನಲ್ಲೇ ಇತ್ತು.

"ಸೋಲಾರ್ ಪ್ಲಾಂಟ್ ನಿಮ್ಮೂರ ಪಕ್ಕದಲ್ಲೇ ಇದೆಯಲ್ಲಯ್ಯಾ. ಮೇಲೆ ನೋಡ್ತಾ ಕೂತಿರು. ಮೋಡ ಕಂಡ್ರೆ ತಕ್ಷಣ ಹೇಳು."

ಮುತ್ತುರಾಜ ಅಂಗಳದಲ್ಲಿ ಮಂಚ ಹಾಕಿ ಕೂತ. ಒಂದು ಮೋಡ ಬಂತು. ಫೋನ್ ಮಾಡಿದ. ಅಲ್ಲಿ ಉರಿ ಏರಿತು. ಮೋಡ ಮಾತ್ರ ಸ್ಟಾಪಿಲ್ಲದ ಊರಿನ ಎಕ್ಸ್‌ಪ್ರೆಸ್ ಬಸ್ಸಿನಂತೆ ನಿಲ್ಲದೆ ಆಂಧ್ರದ ಕಡೆ ಹೊರಟುಹೋಯಿತು. ಸಾಹೇಬರು ಬೈದು ಉರಿ ಇಳಿಸಿದರು. ಇನ್ನೆರಡು ಮೋಡಗಳೂ ಹೀಗೇ ಕೈಕೊಟ್ಟವು.

ಪಕ್ಕದ ಮನೆಯ ಜಂಪಣ್ಣ ತನ್ನ ಶೇಂಗಾ ಹೊಲಕ್ಕೆ ಮಳೆ ಕಾಯುತ್ತ ಜಗಲಿಯ ಮೇಲಿದ್ದ. ಎಲ್ಲ ನೋಡಿ ಬೀದಿಗೆಲ್ಲ ಕೇಳುವಂತೆ ಕೂಗಿದ: "ಬರ್ರಪ್ಪೋ! ಇವ್ನು ಫೋನ್ ಹಚ್ಚಿದ ಕೂಡ್ಲೇ ಮೋಡ ಓಡ್ತೈತೆ! ಸೋಲಾರ್‌ನೋರಿಗಾಗಿ ಮಳೆ ಓಡಿಸ್ತಾನೆ!"

ಅಂಗಳ ತುಂಬಿತು.

"ಅಣ್ಣಾ, ಕೇಳ್ರಿ, ಇದು ಬಾಯ್ಲರ್ ವಿಷಯ..."

"ನಮ್ ಶೇಂಗಾನ ಬಾಯ್ಲರ್‌ನಾಗೆ ಬೇಯಿಸ್ತೀಯೇನಲೇ?" ಜಂಪಣ್ಣ ಫೋನ್ ಕಿತ್ತುಕೊಂಡ.

ಹೆತ್ತ ತಾಯಿ ಪಾತಮ್ಮನೇ, "ತಗಂಡೋಗಪ್ಪ, ಮಳೆ ಬಂದ್ ಮ್ಯಾಲೆ ಕೊಡೀವಂತೆ" ಎಂದಳು.

ಮಧ್ಯಾಹ್ನ ಪಡುವಣ ದಿಕ್ಕು ಕಪ್ಪಾಯಿತು. ಫೋನ್ ಬಡಿದುಕೊಂಡಿತು.

"ಮೋಡ ಇದೆಯಾ?"

"ಒಂದ್ ಚೂರೂ ಇಲ್ರಿ ಸಾಹೇಬ್ರೆ! ಬಿಸಿಲು ನೆತ್ತಿ ಸುಡ್ತೈತೆ!" ಎಂದ ಜಂಪಣ್ಣ.

ವಿಶ್ವನಾಥ್ ನೆಮ್ಮದಿಯಾಗಿ ಉರಿ ಪೂರ್ತಿ ತಗ್ಗಿಸಿದರು. ಮರುಗಳಿಗೆಯಲ್ಲೇ ಆಕಾಶ ಬಾಯ್ಬಿಟ್ಟಿತು. ಸೋಲಾರ್ ಕರೆಂಟೂ ಇಲ್ಲ, ಕಲ್ಲಿದ್ದಲಿನದೂ ಇಲ್ಲ. ಸುತ್ತಲಿನ ಊರುಗಳೆಲ್ಲ ಕತ್ತಲು. ಪರಶುರಾಂಪುರದವರು ಮಾತ್ರ ಮಳೆಯಲ್ಲಿ ಕುಣಿದರು. ಜಂಪಣ್ಣ ದೊಡ್ಡ ಮನಸ್ಸಿನಿಂದ ಫೋನ್ ವಾಪಸ್ ಕೊಟ್ಟ. ಅದರಲ್ಲಿ ಸಾಹೇಬರು ಕಿರುಚುತ್ತಿದ್ದರು: "ನಾಳೆಯೇ ಬಂದು ಉತ್ತರ ಕೊಡು!"

ಮುತ್ತುರಾಜ ಫೋನ್ ಆಫ್ ಮಾಡಿ ಒಳಗೆ ಹೋಗಿ ಮಲಗಿದ. ಸ್ವಲ್ಪ ಹೊತ್ತಿಗೆ ಬಾಗಿಲು ದಬದಬ.

ಹೊರಗೆ ಜಂಪಣ್ಣ ತೊಯ್ದು ತೊಪ್ಪೆಯಾಗಿ ನಿಂತಿದ್ದ. "ತಮ್ಮಾ, ಮಳೆ ಸಾಕಲೇ! ಕುಣಿಯೋ ಖುಷಿನಾಗೆ ಕಣದಾಗಿನ ಈರುಳ್ಳಿ ಮುಚ್ಚೋದೇ ಮರ್ತೆ. ಬೇಗ ಫೋನ್ ಹಚ್ಚಿ ಓಡ್ಸು!"

"ನನ್ ಕೈಲಾಗಲ್ಲ ಅಣ್ಣಾ!"

"ನೋಡ್ರಪ್ಪಾ, ಸೋಲಾರ್‌ನೋರಿಗಾದ್ರೆ ಓಡಿಸ್ತಾನೆ, ಊರೋರಿಗೆ ಒಲ್ಲೆ ಅಂತಾನೆ!" ಹಿಂದಿದ್ದ ಗುಂಪು ಗುರ್ರೆಂದಿತು.

ಪೀಡೆ ತೊಲಗಲೆಂದು ಮುತ್ತುರಾಜ ಆಫ್ ಆಗಿದ್ದ ಫೋನನ್ನೇ ಕಿವಿಗಿಟ್ಟು, "ಹಲೋ, ಸಾಕಂತೆ ಸಾರ್" ಎಂದ.

ಮಳೆ ನಿಂತಿತು.

ಜಂಪಣ್ಣ ಅವನ ಎರಡೂ ಕೈ ಹಿಡಿದು ಮೆಲ್ಲಗೆ ಕೇಳಿದ: "ನಾಳಿದ್ದು ಶೇಂಗಾಕ್ಕೆ ಇನ್ನೊಂದು ಹದ ಮಳೆ ಬೇಕು. ಎಷ್ಟೊತ್ತಿಗೆ ಕಳಿಸ್ತೀಯಪ್ಪಾ?"